ನೀಲಿ ಲಾರಿ ಅಳುವುದಿಲ್ಲ

ಯಲ್ಲಾಪುರ
6 ಅಕ್ಟೋಬರ್ 2024

ಪ್ರೀತಿಯ ಪ್ರತಿಭಾ,

ನಿನಗೆ ಫೋನ್ ಮಾಡಿ ಮಾಡಿ ಸಾಕಾಯಿತು. ರಿಂಗ್ ಆಗುತ್ತದೆ, ನೀನು ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ನೋಡಿದ್ದಕ್ಕೆ ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ. ಶಿರಸಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಕೂತು ಟೀಚರ್ ಟ್ರೇನಿಂಗ್ ಓದುತ್ತಿದ್ದಾಗ ರಜೆ ಬಂತೆಂದರೆ ಪತ್ರ ಬರೆದುಕೊಳ್ಳುತ್ತಿದ್ದೆವಲ್ಲ, ಅದೇ ನೆನಪಾಗಿ ಪೆನ್ನು ಹಿಡಿದೆ. ಪತ್ರವಾದರೆ ಈ ಮನೆಯಲ್ಲಿ ಯಾರ ಕೈಗೂ ಸಿಗುವುದಿಲ್ಲ ಎಂಬುದು ಇನ್ನೊಂದು ಕಾರಣ. ನನ್ನ ಫೋನು ಹಗಲೆಲ್ಲ ಕೆಳಗೆ ಭಾವನ ಅಂಗಡಿಯಲ್ಲೇ ಇರುತ್ತದೆ. ಆರ್ಡರುಗಳೆಲ್ಲ ಅದಕ್ಕೇ ಬರುವುದು.

ವಿಷಯ ಸಣ್ಣದು. ಕೇಳಿದರೆ ನಗುತ್ತೀಯೇನೋ. ನನ್ನ ಮಗಳು ಹುಮಾ ಹೋಗುವ ಶಿಶುವಿಹಾರದಲ್ಲಿ ಮಕ್ಕಳ ದಿನಾಚರಣೆಗೆ ಒಂದು ಸಿನಿಮಾ ತೋರಿಸುತ್ತಾರಂತೆ. ಯಾವ ಸಿನಿಮಾ ಎಂದು ಮೊದಲು ನೋಡಿ ಹೇಳುವುದಕ್ಕೆ ಗೀತಾ ಟೀಚರ್ ಮೂವರು ಪಾಲಕರನ್ನು ಆರಿಸಿದರು. ಕರೆಂಟ್ ಆಫೀಸಿನ ಲೈನ್‌ಮನ್ ಶಂಕ್ರಪ್ಪ, ಬ್ಯಾಂಕಿನ ತನುಜಾ, ಮತ್ತು ನಾನು. ನಾನು ಟ್ರೇನಿಂಗ್ ಓದಿದವಳು ಎಂದು ಗೀತಾ ಟೀಚರ್ ಎಲ್ಲರೆದುರು ಹೇಳಿದಾಗ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಸಿನಿಮಾ ತಂದುಕೊಟ್ಟವರು ನಮ್ಮ ಅಖ್ತರ್ ಭಾವ. ಅವರ ಆಟಿಕೆ ಅಂಗಡಿಗೆ 'ಉಕ್ಕಿನ ಪಡೆ' ಎಂಬ ಗೊಂಬೆಗಳು ಬರುತ್ತವೆ. ಲಾರಿ, ಜೀಪು, ಜೆಸಿಬಿ ತಿರುಗಿಸಿದರೆ ಸೈನಿಕರಾಗುತ್ತವೆ. ಗೊಂಬೆ ಮಾಡುವವರೇ ಸಿನಿಮಾವನ್ನೂ ಮಾಡಿ ಕನ್ನಡದಲ್ಲಿ ಮಾತನಾಡಿಸಿದ್ದಾರೆ. ಪ್ರೊಜೆಕ್ಟರ್ ಭಾವನದೇ, ಸಿನಿಮಾ ಮುಗಿದ ಮೇಲೆ ಮೈದಾನದಲ್ಲಿ ಗೊಂಬೆಗಳ ಟೇಬಲ್ಲೂ ಅವರದೇ.

ಗೀತಾ ಟೀಚರ್ ಮನೆಯಲ್ಲಿ ಕೂತು ನೋಡಿದೆವು. ಹೆಚ್ಚಿನದೆಲ್ಲ ಗುದ್ದಾಟ. ಕೈ ಮುರಿದರೆ ಸ್ಕ್ರೂ ಹಾಕಿ ಜೋಡಿಸಿಕೊಂಡು ಮತ್ತೆ ಏಳುತ್ತವೆ. "ರಕ್ತ ಇಲ್ಲಲ್ರಿ ಅಕ್ಕಾರ, ಇದರಾಗ ಅಂಜೂದೇನೈತ್ರಿ?" ಎಂದರು ಶಂಕ್ರಪ್ಪ. ಅದು ನಿಜವೇ. ನನ್ನನ್ನು ಹಿಡಿದದ್ದು ಗುದ್ದಾಟವಲ್ಲ. ಅದರಲ್ಲಿ ಟಿಂಗು ಎಂಬ ಪುಟ್ಟ ನೀಲಿ ಲಾರಿ ಇದೆ. ಶತ್ರುಗಳು ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚುತ್ತಾರೆ. ಅದು ಅತ್ತು ಕರೆಯುತ್ತದೆ. ಪಡೆಯ ನಾಯಕನಿಗೆ ಕೇಳಿಸುತ್ತದೆ. "ಅಳುವವರಿಗೆ ಬಾಗಿಲು ತೆರೆಯುವುದಿಲ್ಲ" ಎಂದು ಹೇಳಿ ಅವನು ಯುದ್ಧಕ್ಕೆ ಹೋಗಿಬಿಡುತ್ತಾನೆ. ಆಮೇಲೆ ಟಿಂಗು ಅಳು ನಿಲ್ಲಿಸುತ್ತದೆ. ನಿಲ್ಲಿಸಿದ ಕೂಡಲೇ ಅದರ ಹೆಗಲಿನಿಂದ ಬಂದೂಕು ಹೊರಬರುತ್ತದೆ, ಪೆಟ್ಟಿಗೆ ಒಡೆದು ಚೂರಾಗುತ್ತದೆ. ಅಲ್ಲಿ ತನುಜಾ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಉಸಿರು ಕಟ್ಟಿದ ಹಾಗಾಯಿತು.

ಇದನ್ನು ನಾಲ್ಕೈದು ವರ್ಷದ ಮಕ್ಕಳಿಗೆ ತೋರಿಸಬಹುದಾ? ನಿನ್ನ ಉಲ್ಲಾಸನೂ ಅದೇ ವಯಸ್ಸಿನವನು. ನೀನು ಏನು ಹೇಳುತ್ತೀಯೋ ಅದರ ಮೇಲೆ ನಾನು ನಿಲ್ಲುತ್ತೇನೆ. ಈ ಮನೆಯಲ್ಲಿ ಯಾರನ್ನು ಕೇಳಲಿ?

ನಿನ್ನ
ರಹೀಮಾ


ಸಿದ್ದಾಪುರ
15 ಅಕ್ಟೋಬರ್ 2024

ರಹೀಮಾ ಮಾರಾಯ್ತಿ,

ಪೋಸ್ಟ್‌ಮನ್ ಮೆಟ್ಟಿಲು ಹತ್ತಿ ಬಂದು ಪತ್ರ ಕೊಟ್ಟಾಗ ನೋಟಿಸ್ ಎಂದು ಹೆದರಿದೆ. ನಮ್ಮ ಕಡೆ ನೆಟ್‌ವರ್ಕ್ ಸರಿ ಇಲ್ಲ, ಅದಕ್ಕೇ ಫೋನ್ ಸಿಗುವುದಿಲ್ಲ. ಸಿಟ್ಟಾಗಬೇಡ.

ನೀನು ಹಾಸ್ಟೆಲಿನಲ್ಲೂ ಹೀಗೇ. ಹಲ್ಲಿ ಲೊಚಗುಟ್ಟಿದರೂ ಅರ್ಥ ಹುಡುಕುತ್ತಿದ್ದೆ. 'ಉಕ್ಕಿನ ಪಡೆ'ಯನ್ನು ಉಲ್ಲಾಸ ಎಷ್ಟು ಸಲ ನೋಡಿದ್ದಾನೋ ಲೆಕ್ಕವಿಲ್ಲ. ಮಾತುಗಳೆಲ್ಲ ಬಾಯಿಪಾಠ. ನೋಡುತ್ತ ಕೂತರೆ ತಟ್ಟೆಯಲ್ಲಿ ಹಾಕಿದ್ದು ಅಷ್ಟೂ ಹೋಗುತ್ತದೆ. ಹಠ ಇಲ್ಲ, ರಗಳೆ ಇಲ್ಲ. ಬಿದ್ದರೂ ಅಳುವುದಿಲ್ಲ. ಅವನ ವಯಸ್ಸಿನ ಬೇರೆ ಮಕ್ಕಳು ಮುಟ್ಟಿದರೆ ಅಳುತ್ತವೆ, ನಮ್ಮವನು ತಾನೇ ಎದ್ದು ಮೈ ಕೊಡವಿಕೊಳ್ಳುತ್ತಾನೆ. ಅವನ ಅಪ್ಪ ಗಿರೀಶರಿಗೆ ಅದೇ ಹೆಮ್ಮೆ. ನಾವು ಯಕ್ಷಗಾನದಲ್ಲಿ ರಾಕ್ಷಸ ಆರ್ಭಟಿಸುವುದನ್ನು ನೋಡಿ ಬೆಳೆದವರಲ್ಲವಾ, ಏನಾಯಿತು ನಮಗೆ?

ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡ. ಮನೆಯಲ್ಲಿ ಹಿರಿಯರು ಸಿನಿಮಾನೇ ಬೇಡ ಎನ್ನುತ್ತಾರಾ? ಹಾಗಿದ್ದರೆ ಹಾಗೇ ಹೇಳಿಬಿಡು. ಪಾಪ, ನೀಲಿ ಲಾರಿಯ ಮೇಲೆ ಯಾಕೆ ಹಾಕುತ್ತೀಯ?

ಧೈರ್ಯವಾಗಿ ಒಪ್ಪಿಗೆ ಕೊಡು. ಅತ್ತೆಗೆ ಸ್ವಲ್ಪ ಹುಷಾರಿಲ್ಲ. ಕರೆಯುತ್ತಿದ್ದಾರೆ, ಇಲ್ಲಿಗೇ ನಿಲ್ಲಿಸುತ್ತೇನೆ.

ಪ್ರತಿಭಾ


ಯಲ್ಲಾಪುರ
22 ಅಕ್ಟೋಬರ್ 2024

ಪ್ರತಿಭಾ,

ತಪ್ಪು ತಿಳಿಯಬೇಡ ಎಂದು ಬರೆದು ಕೇಳಿದ್ದೀಯ. ತಿಳಿದೆ. ನಮ್ಮ ಮನೆಯ ಹಿರಿಯರು ಸಿನಿಮಾ ಬೇಡ ಎಂದಿಲ್ಲ, ಬೇಕೇ ಬೇಕು ಎನ್ನುತ್ತಿದ್ದಾರೆ. ತೊಂದರೆ ಅದೇ.

ದೀಪಾವಳಿ ಸ್ಟಾಕು ಬಂದಿದೆ. ಗೋಡೌನು ತುಂಬಿ, ಮೆಟ್ಟಿಲು ತುಂಬಿ, ಈಗ ನಮ್ಮ ಕೋಣೆಗೂ ರಟ್ಟಿನ ಪೆಟ್ಟಿಗೆಗಳು ಬಂದಿವೆ. ಕಿಟಕಿಗೆ ಅಡ್ಡಲಾಗಿ ಸೂರಿನ ತನಕ ಪೇರಿಸಿದ್ದಾರೆ. ಹಗಲಲ್ಲೂ ಲೈಟು ಹಾಕಿಕೊಂಡು ಬರೆಯುತ್ತಿದ್ದೇನೆ. ಹೊತ್ತು ತಂದು ಇಟ್ಟವರು ನನ್ನ ಗಂಡ ಅಜರ್ ಅವರೇ. ಅಣ್ಣನ ಪಿಕಪ್ ಓಡಿಸುವವರು ಅಣ್ಣನ ಪೆಟ್ಟಿಗೆ ಬೇಡ ಎನ್ನುವುದು ಹೇಗೆ?

ಭಾವ ಕೆಟ್ಟವರಲ್ಲ ಕಣೇ. ಕೆಟ್ಟವರಾಗಿದ್ದರೆ ಸುಲಭವಿತ್ತು. ಮದುವೆಯಾದ ಮೇಲೂ ನಾನು ಪರೀಕ್ಷೆ ಬರೆಯಲಿ ಎಂದು ಅತ್ತೆಯ ಹತ್ತಿರ ಜಗಳವಾಡಿದವರು ಅವರು. ಮೊನ್ನೆ ಊಟಕ್ಕೆ ಕೂತಾಗ, "ರಹೀಮಾ, ನೀನು ಹೂಂ ಅಂತೀಯಲ್ಲ? ಮನೆ ಮಾತು ಇದು" ಎಂದರು. ಜೋರಾಗಿ ಅಲ್ಲ, ಪಲ್ಯ ಬಡಿಸು ಎನ್ನುವಷ್ಟೇ ಮೆತ್ತಗೆ. ನಾನು ಪಲ್ಯವನ್ನೇ ಬಡಿಸಿದೆ. ಕೋಣೆಗೆ ಬಂದು ಅಜರರನ್ನು ಕೇಳಿದರೆ, "ನಂಗೇನೂ ಕೇಳಬೇಡ, ಇಬ್ಬರ ಮಧ್ಯ ನನ್ನ ಹಾಕಬೇಡ" ಎಂದು ಮಗ್ಗುಲಾದರು.

ನೀನು ಯಕ್ಷಗಾನದ ಮಾತು ಬರೆದಿದ್ದೆ. ರಾಕ್ಷಸ ಬರುವಾಗ ನೀನು ಯಾರ ತೊಡೆಯ ಮೇಲಿದ್ದೆ? ಹೆದರಿ ಸೆರಗಿನಲ್ಲಿ ಮುಖ ಹುದುಗಿಸಿದರೆ ಯಾರಾದರೂ ಬೈದಿದ್ದರಾ? ಹುಮಾಗೆ ಆ ಪೆಟ್ಟಿಗೆಯ ಭಾಗ ಸ್ವಲ್ಪ ತೋರಿಸಿದೆ. ಸುಮ್ಮನೆ ನೋಡಿದಳು. ಆಮೇಲೆ, "ಅಮ್ಮೀ, ಟಿಂಗುಗೆ ಅಮ್ಮಿ ಇಲ್ವಾ?" ಎಂದಳು.

ನೀನು ಉಲ್ಲಾಸನ ಬಗ್ಗೆ ಇಷ್ಟೆಲ್ಲ ಬರೆದೆ. ಅವನು ನೋಡುವಾಗ ನೀನು ಎಲ್ಲಿರುತ್ತೀಯ ಎಂದು ಬರೆಯಲಿಲ್ಲ. ಅತ್ತೆಗೆ ಏನಾಗಿದೆ?

ರಹೀಮಾ


ಯಲ್ಲಾಪುರ
4 ನವೆಂಬರ್ 2024

ಪ್ರೀತಿಯ ಪ್ರತಿಭಾ,

ದೀಪಾವಳಿಯೂ ಮುಗಿಯಿತು, ನಿನ್ನ ಉತ್ತರವಿಲ್ಲ. ಹೋದ ಪತ್ರದಲ್ಲಿ ಒರಟಾಗಿ ಬರೆದೆ. ಅದು ನಿನ್ನ ಮೇಲಿನ ಸಿಟ್ಟಲ್ಲ, ನನ್ನ ಮೇಲಿನದು. ಕ್ಷಮಿಸು.

ಶನಿವಾರ ಸಭೆ. ನಾನು ಹೂಂ ಎನ್ನುವುದೆಂದು ತೀರ್ಮಾನ ಮಾಡಿದ್ದೇನೆ. ನಿನ್ನೆ ಗೀತಾ ಟೀಚರ್ ಸಿಕ್ಕಿದಾಗ, "ಟ್ರೇನಿಂಗ್ ಆದ ನನ್ನ ಗೆಳತಿಯೊಬ್ಬಳಿದ್ದಾಳೆ, ಅವಳ ಮಗ ದಿನಾ ನೋಡುತ್ತಾನಂತೆ, ಏನೂ ಆಗಿಲ್ಲವಂತೆ, ಇನ್ನೂ ಧೈರ್ಯವಂತನಾಗಿದ್ದಾನಂತೆ" ಎಂದೆ. ಅವರಿಗೆ ಸಮಾಧಾನವಾಯಿತು. ಅವರಿಗೂ ಒಳಗೆ ಅಳುಕಿತ್ತೆಂದು ಆಗ ಗೊತ್ತಾಯಿತು. ಸಭೆಯಲ್ಲೂ ಇದೇ ಮಾತನ್ನು ಹೇಳುತ್ತೇನೆ. ನನ್ನ ಮಾತಿಗಿಂತ ನಿನ್ನ ಅನುಭವ ದೊಡ್ಡದಲ್ಲವಾ.

ಕೋಣೆಯ ಪೆಟ್ಟಿಗೆಗಳು ಇನ್ನೂ ಹಾಗೇ ಇವೆ.

ರಹೀಮಾ


ಸಿದ್ದಾಪುರ
8 ನವೆಂಬರ್ 2024

ರಹೀಮಾ,

ನಿನ್ನ ಪತ್ರ ಈಗ ಬಂತು. ದಯವಿಟ್ಟು ಹಾಗೆ ಹೇಳಬೇಡ. ಫೋನ್ ಮಾಡಿದೆ, ನಿನ್ನ ಭಾವ ಎತ್ತಿದರು. ಅವರ ಹತ್ತಿರ ಏನು ಹೇಳಲಿ, ಇಟ್ಟುಬಿಟ್ಟೆ. ಕೆಳಮನೆಯ ಟೇಲರ್ ಕೆರಿಯಪ್ಪ ನಾಳೆ ಬೆಳಗಿನ ಬಸ್ಸಿಗೆ ಯಲ್ಲಾಪುರಕ್ಕೆ ಹೋಗುತ್ತಾರೆ. ಅವರ ಕೈಯಲ್ಲೇ ಇದನ್ನು ಕಳಿಸುತ್ತೇನೆ.

ಇಲ್ಲಿ ನೆಟ್‌ವರ್ಕ್ ಚೆನ್ನಾಗಿದೆ. ಫೋನು ಉಲ್ಲಾಸನ ಕೈಯಲ್ಲಿರುತ್ತದೆ. ಅತ್ತೆಗೆ ಸ್ವಲ್ಪ ಹುಷಾರಿಲ್ಲದ್ದಲ್ಲ, ಜೂನಿನಲ್ಲಿ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಗ್ಗುಲು ಬದಲಿಸುವುದು, ಒರೆಸುವುದು, ಉಣಿಸುವುದು ಎಲ್ಲ ನಾನೇ. ಗಿರೀಶ ಬೆಳಗಿನ ಬಸ್ಸಿಗೆ ಶಿರಸಿಯ ಲ್ಯಾಬಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಮ್ಮದು ಮಹಡಿ ಮನೆ. ಹೊರಗಿನ ಮೆಟ್ಟಿಲಿಗೆ ಕಂಬಿ ಇಲ್ಲ. ಉಲ್ಲಾಸ ಒಂದು ಸಲ ಬಿದ್ದಿದ್ದಾನೆ. ಅದಕ್ಕೇ ಅತ್ತೆಯ ಕೆಲಸ ಮಾಡುವಾಗೆಲ್ಲ ಅವನನ್ನು ಸಣ್ಣ ಕೋಣೆಗೆ ಕೂರಿಸಿ, ಆ ಸಿನಿಮಾ ಹಚ್ಚಿಕೊಟ್ಟು, ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಮೊದಮೊದಲು ಬಾಗಿಲು ಬಡಿದು ಅಳುತ್ತಿದ್ದ. ನಾನು ಅತ್ತೆಯ ಕೋಣೆಯಿಂದ, "ಅಳಡ ತಮಾ, ಬಂದೆ" ಎಂದು ಕೂಗುತ್ತಿದ್ದೆ. ಕೈ ಬಿಡುವಾಗುವಾಗ ಅವನ ಅಳು ನಿಂತಿರುತ್ತಿತ್ತು, ಆಗ ಹೋಗಿ ತೆಗೆಯುತ್ತಿದ್ದೆ. ಆಮೇಲಾಮೇಲೆ ಅಳುವುದನ್ನೇ ಬಿಟ್ಟ. ನಾನು ಬದುಕಿದೆ ಎಂದುಕೊಂಡೆ. ನಿನಗೆ ಬರೆದದ್ದು ಅದನ್ನೇ.

ದೀಪಾವಳಿಗೆ ಮುಂಚಿನ ವಾರ ಅತ್ತೆ ಮಂಚದಿಂದ ಜಾರಿಬಿದ್ದರು. ಒಬ್ಬಳಿಗೇ ಎತ್ತಲಾಗಲಿಲ್ಲ. ಕೆರಿಯಪ್ಪನನ್ನು ಕರೆದು, ಎತ್ತಿ ಮಲಗಿಸಿ, ಒರೆಸಿ, ಸೀರೆ ಬದಲಿಸುವಷ್ಟರಲ್ಲಿ ತುಂಬ ಹೊತ್ತಾಗಿತ್ತು. ಸಣ್ಣ ಕೋಣೆಯಿಂದ ಸದ್ದೇ ಇರಲಿಲ್ಲ. ಬಾಗಿಲು ತೆಗೆದೆ. ಫೋನು ಆಫ್ ಆಗಿ ನೆಲದ ಮೇಲೆ ಬಿದ್ದಿತ್ತು. ಅವನು ಕಿಟಕಿಯ ಕೆಳಗೆ ನಿಂತಿದ್ದ. ಕಿಟಕಿ ತೆಗೆಯಲು ಹೋಗಿ ಅದರ ಬಾಗಿಲು ಬಡಿದು ಬೆರಳು ಸಿಕ್ಕಿಕೊಂಡಿದೆ ರಹೀಮಾ. ಉಗುರು ಕಿತ್ತು ಬಂದಿತ್ತು, ಗೋಡೆಯ ಮೇಲೆ ರಕ್ತ ಇಳಿದಿತ್ತು. ಕೈ ಬಿಡಿಸಿಕೊಳ್ಳಲಾರದೆ ಹಾಗೇ ನಿಂತಿದ್ದ. ಕಣ್ಣಲ್ಲಿ ನೀರಿಲ್ಲ. ತುಟಿ ಕಚ್ಚಿಕೊಂಡಿದ್ದ.

ಪಕ್ಕದ ಕೋಣೆಯಲ್ಲೇ ಇದ್ದೆ. ಒಂದು ಸಲ ಚೀರಿದ್ದರೂ ಓಡಿ ಬರುತ್ತಿದ್ದೆ. "ಯಂತಕ್ಕೆ ಕರದ್ದಿಲ್ಲೆ ತಮಾ?" ಎಂದು ಕೇಳಿದೆ.

"ಅತ್ರೆ ಬಾಗ್ಲು ತೆಗೀತ್ವಿಲ್ಲೆ ಆಯಿ" ಎಂದ.

ಸಿನಿಮಾವನ್ನು ಬೈಯೋಣ ಎನಿಸಿತು. ಬೈದೆ ಕೂಡ. ಆದರೆ ಚಿಲಕ ಹಾಕಿದವರು ಸಿನಿಮಾದವರಲ್ಲವಲ್ಲ. ಅತ್ತಾಗ ಬಾರದೆ, ಅಳು ನಿಂತ ಮೇಲೆ ಬಂದು ತೆಗೆದವಳು ನಾನು. ಅವನು ದಿನಾ ಮನೆಯಲ್ಲಿ ಕಂಡದ್ದನ್ನೇ ಆ ಸಿನಿಮಾ ಹೌದು ಎಂದು ಹೇಳಿತು.

ನೀನು ಆ ದಿನ ನೋಡಿ ಉಸಿರು ಕಟ್ಟಿತೆಂದು ಬರೆದದ್ದು ಸರಿ. ನನ್ನ ಮಾತಿನ ಮೇಲೆ ನಿಲ್ಲಬೇಡ. ನನ್ನ ಹೆಸರು ಹೇಳಿಯಾದರೂ ಸರಿ, ಬೇಡ ಎನ್ನು.

ಪ್ರತಿಭಾ


ಯಲ್ಲಾಪುರ
11 ನವೆಂಬರ್ 2024

ನನ್ನ ಪ್ರತಿಭಾ,

ಕೆರಿಯಪ್ಪ ಪತ್ರವನ್ನು ಅಂಗಡಿಯಲ್ಲಿ ಕೊಟ್ಟು ಹೋಗಿದ್ದಾರೆ. ಭಾವ ಅದನ್ನು ಒಡೆಯದೆ, ಸಂಜೆ ಮೇಲೆ ಬಂದಾಗ ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಸಭೆ ಮುಗಿದಿತ್ತು. ನಾನು ನಿನ್ನ ಮಗನ ಧೈರ್ಯದ ಕಥೆ ಹೇಳಿ ಬಂದಾಗಿತ್ತು. ಚಪ್ಪಾಳೆ ಬಿದ್ದಿತ್ತು.

ಅಡುಗೆಮನೆಯಲ್ಲಿ ನಿಂತು ಓದಿದೆ. ಎರಡನೆಯ ಸಲ ಓದಲಾಗಲಿಲ್ಲ.

ಮರುದಿನ ಬೆಳಗ್ಗೆ ಗೀತಾ ಟೀಚರ್ ಮನೆಗೆ ಹೋದೆ. "ನಾನು ಹೇಳಿದ್ದು ತಪ್ಪು. ಆ ಸಿನಿಮಾ ಬೇಡ" ಎಂದೆ. ಯಾಕೆ ಎಂದು ಕೇಳಿದರು. ನಿನ್ನ ಹೆಸರು ಹೇಳು ಎಂದು ನೀನು ಬರೆದಿದ್ದೆ, ನಾನು ಹೇಳಲಿಲ್ಲ. ನಿನ್ನನ್ನು ತಂದು ಅವರ ಜಗಲಿಯಲ್ಲಿ ನಿಲ್ಲಿಸುವುದು ನನಗೆ ಆಗಲಿಲ್ಲ. "ನನಗೆ ಅನಿಸಿದ್ದನ್ನು ಮುಚ್ಚಿಟ್ಟು ಬೇರೆಯವರ ಮಾತು ಹೇಳಿದೆ. ನನಗೆ ಅನಿಸಿದ್ದು ಬೇಡ ಅಂತ" ಎಂದೆ. ಅವರು ಸಂಕಟದಿಂದ, "ಇನ್ವಿಟೇಶನ್ ಹಂಚಿ ಆಯ್ತಲ್ಲ ರಹೀಮಾ, ಪ್ರೊಜೆಕ್ಟರ್ ನಿಮ್ಮ ಮನೆಯದ್ದೇ" ಎಂದರು. ಶಂಕ್ರಪ್ಪ ದಾರಿಯಲ್ಲಿ ಸಿಕ್ಕವರು, "ಈಗ್ಯಾಕ್ರಿ ಅಕ್ಕಾರ, ಹುಡುಗ್ರು ಆಸೆ ಮಾಡ್ಯಾವು" ಎಂದರು. ಕೊನೆಗೆ ಒಂದು ಬೇಡಿಕೊಂಡೆ. ಸಿನಿಮಾ ತೋರಿಸುವ ಹಾಲಿನ ಬಾಗಿಲು ಹಾಕಬಾರದು, ಪ್ರತಿ ಮಗುವಿನ ಜೊತೆ ಮನೆಯವರೊಬ್ಬರು ಕೂರಬೇಕು. ಅದಕ್ಕೆ ಒಪ್ಪಿದರು.

ಮನೆಗೆ ನನಗಿಂತ ಮೊದಲು ಸುದ್ದಿ ಬಂದಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಆಡಬಹುದಿತ್ತು. ಊಟಕ್ಕೆ ಕರೆಯುತ್ತಾರೆ, ಉಂಡು ಏಳುತ್ತಾರೆ. ನಾನು ಕೋಣೆಗೆ ಬಂದರೆ ಮಾತು ನಿಲ್ಲುತ್ತದೆ. ಅಜರ್ ಮಾತ್ರ, "ಇರಲಿ" ಎಂದರು. ಅದು ಸಮಾಧಾನವೋ ಬೇಸರವೋ ತಿಳಿಯಲಿಲ್ಲ.

ಉಲ್ಲಾಸನ ಬೆರಳು ಹೇಗಿದೆ? ಬಂದು ನಿನ್ನ ಜೊತೆ ಎರಡು ದಿನ ಇರಬೇಕು ಎನಿಸುತ್ತದೆ. ಈಗ ಈ ಮನೆಯಲ್ಲಿ ಆ ಮಾತು ಎತ್ತಲಾರೆ.

ರಹೀಮಾ


ಸಿದ್ದಾಪುರ
19 ನವೆಂಬರ್ 2024

ರಹೀಮಾ,

ನನ್ನ ಹೆಸರು ಹೇಳದೆ ನೀನು ಮನೆಯವರ ಮುನಿಸು ಮೈಮೇಲೆ ಹಾಕಿಕೊಂಡೆ. ಅದಕ್ಕೆ ಏನು ಬರೆಯಲಿ.

ಗಿರೀಶರಿಗೆ ಮೊದಲು ಕಿಟಕಿ ಬಡಿಯಿತು ಎಂದಷ್ಟೇ ಹೇಳಿದ್ದೆ. ನಿನ್ನ ಪತ್ರ ಓದಿದ ದಿನ ಪೂರ್ತಿ ಹೇಳಿದೆ. "ನಂಗೆ ಮೊದ್ಲೇ ಹೇಳಲೆ ಆಗ್ತಿತ್ತಿಲ್ಯ?" ಎಂದರು. "ಹೇಳಿದ್ರೆ ಎಂತ ಮಾಡ್ತಿದ್ರಿ?" ಎಂದೆ. ಹೆಗಲಿನ ಚೀಲವನ್ನೂ ಇಳಿಸದೆ ನಿಂತುಬಿಟ್ಟರು. ಬೆಳಗ್ಗೆ ಮತ್ತೆ ಅದೇ ಬಸ್ಸಿಗೆ ಹೋದರು. ಭಾನುವಾರ ಮಾತ್ರ ಕೆರಿಯಪ್ಪನ ಜೊತೆ ಸೇರಿ ಮೆಟ್ಟಿಲ ಬಾಯಿಗೆ ಹಲಗೆ ಅಡ್ಡ ಹೊಡೆದರು. ಅತ್ತೆಯ ಮಂಚವನ್ನು ಹಾಲಿಗೆ ತಂದಿದ್ದೇವೆ. ಉಲ್ಲಾಸ ಅಲ್ಲೇ ಆಡುತ್ತಾನೆ. ಅತ್ತೆಗೆ ಸೀರೆ ಬದಲಿಸುವಾಗ ಅವನನ್ನು ಗೋಡೆಯ ಕಡೆ ತಿರುಗಿ ಕೂರು ಎನ್ನುತ್ತೇನೆ, ಕೂರುತ್ತಾನೆ. ನಾಲ್ಕು ಗೋಡೆ ಅವೇ. ಈಗ ಮೂವರೂ ಒಂದೇ ಕಡೆ ಸಿಕ್ಕಿಕೊಂಡಿದ್ದೇವೆ, ಅಷ್ಟೇ.

ಬೆರಳು ಮಾಯುತ್ತಿದೆ. ಡಾಕ್ಟರು ಬ್ಯಾಂಡೇಜು ಎಳೆದು ತೆಗೆದಾಗಲೂ ಅಳಲಿಲ್ಲ. "ಶಭಾಷ್" ಎಂದು ಚಾಕಲೇಟ್ ಕೊಟ್ಟರು. ಕಿತ್ತುಕೊಂಡು ಬಿಸಾಡಬೇಕು ಎನಿಸಿತು ನನಗೆ.

ಪ್ರತಿಭಾ


ಯಲ್ಲಾಪುರ
24 ನವೆಂಬರ್ 2024

ಪ್ರೀತಿಯ ಪ್ರತಿಭಾ,

ಸಿನಿಮಾ ಆಯಿತು. ಮನೆಯವರೊಬ್ಬರು ಕೂರಬೇಕು ಎಂದಿದ್ದಕ್ಕೆ ಅರ್ಧ ಜನ ಬಂದರು. ಬಂದವರಲ್ಲಿ ಅರ್ಧ ಜನ ಹೊರಗೆ ಬೇವಿನ ಮರದ ಕೆಳಗೆ ಮಾತಿಗೆ ನಿಂತರು. ಹುಮಾ ನನ್ನನ್ನು ಬಿಟ್ಟು ಪ್ರೊಜೆಕ್ಟರ್ ಹತ್ತಿರ ಅವಳ ದೊಡ್ಡಪ್ಪನ ತೊಡೆ ಏರಿ ಕೂತಳು. ಪೆಟ್ಟಿಗೆಯ ಭಾಗ ಬಂತು. ಮುಂದಿನ ಸಾಲಿನಲ್ಲಿ ಒಂದು ಹುಡುಗಿ ಜೋರಾಗಿ ಅತ್ತಿತು. ಅದರ ಕಡೆಯವರು ಯಾರೂ ಇರಲಿಲ್ಲ. ಉಳಿದ ಮಕ್ಕಳು, "ಅಳಬ್ಯಾಡ, ಅತ್ರೆ ತೆಗ್ಯಂಗಿಲ್ಲ" ಎಂದು ನಕ್ಕವು. ನಾನು ಎದ್ದು ಹೋಗಿ ಅದನ್ನು ಎತ್ತಿಕೊಂಡು ಹೊರಗೆ ಬಂದೆ. ಬಾಗಿಲಲ್ಲಿ ತಿರುಗಿ ನೋಡಿದರೆ ಭಾವ ಎರಡೂ ಕೈಯಿಂದ ಹುಮಾಳ ಕಿವಿ ಮುಚ್ಚಿ ಹಿಡಿದಿದ್ದರು. ನನ್ನನ್ನು ನೋಡಿ ಕೈ ತೆಗೆದರು.

ಟೇಬಲ್ಲಿನ ಗೊಂಬೆಗಳೆಲ್ಲ ಖಾಲಿಯಾದವು. ಭಾವ ಮಾತು ಶುರು ಮಾಡಿದ್ದಾರೆ. ನಾನೀಗ ಮಧ್ಯಾಹ್ನದ ಮೇಲೆ ಅಂಗಡಿಯ ಗಲ್ಲೆಯಲ್ಲಿ ದುಡ್ಡು ತೆಗೆದುಕೊಳ್ಳಲು ಕೂರಬೇಕಂತೆ. "ಹೆಣ್ಣುಮಕ್ಕಳು ನಿನ್ನನ್ನ ನೋಡಿದ್ರೆ ನಂಬ್ತಾರೆ" ಎಂದರು. ಆ ಸಿನಿಮಾದ ಎರಡನೆಯ ಭಾಗ ಬರುತ್ತದಂತೆ. "ಅದನ್ನೂ ನೀನೇ ನೋಡಿ ಹೇಳು. ಬೇಡ ಅಂತ ಮಾತ್ರ ಹೇಳಬೇಡ" ಎಂದು ನಕ್ಕರು. ಸಂಧಿ ಮಾಡಿಕೊಳ್ಳಲು ಬಂದವರ ನಗು ಅದು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದೆ.

ನಿನ್ನೆ ಒಬ್ಬಳು ಬಂದು ನೀಲಿ ಲಾರಿ ಕೈಯಲ್ಲಿ ಹಿಡಿದು, "ಒಳ್ಳೇದಾ ಅಕ್ಕಾ ಇದು?" ಎಂದಳು. ಒಳಗೆ ಭಾವ ಇದ್ದರು. "ಆಡುವಾಗ ಜೊತೆಗೆ ಕೂತ್ಕೋಳಿ" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಕೂತ್ಕೊಳ್ಳಾಕ ಟೈಮ್ ಇದ್ರ ಇದನ್ಯಾಕ ತಗೋತಿದ್ದೆ?" ಎಂದಳು. ಕಟ್ಟಿ ಕೊಟ್ಟೆ.

ರಹೀಮಾ


ಸಿದ್ದಾಪುರ
3 ಡಿಸೆಂಬರ್ 2024

ರಹೀಮಾ,

ಆ ಹೆಂಗಸು ನಾನೇ ಎನಿಸಿತು. ಅವಳ ಮೇಲೆ ಸಿಟ್ಟಾಗಬೇಡ.

ಇವತ್ತು ನಡೆದದ್ದನ್ನು ಬೇರೆ ಯಾರಿಗೆ ಹೇಳಿದರೂ ಇದೇನು ದೊಡ್ಡ ವಿಷಯ ಎಂದಾರು. ಅತ್ತೆಯನ್ನು ಒರೆಸಲೆಂದು ಅರ್ಧ ಮಗ್ಗುಲು ಮಾಡಿ ಹಿಡಿದಿದ್ದೆ. ಉಲ್ಲಾಸ ಮೆಟ್ಟಿಲ ಕಡೆ ಓಡಿದವನು ಹಲಗೆಗೆ ಎಡವಿದ. ಧಡ್ ಎಂದು ಸದ್ದಾಯಿತು, ಆಮೇಲೆ ಏನೂ ಇಲ್ಲ. ನಾನು ಕಾದೆ. ಆಮೇಲೆ ಸಣ್ಣಗೆ ಶುರುವಾಯಿತು, ಕೀರಲು ದನಿ, ಮರೆತವರು ನೆನಪು ಮಾಡಿಕೊಂಡ ಹಾಗೆ. ಒಂದು ಸಲ ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಬರುತ್ತೇನೋ ಇಲ್ಲವೋ ಎಂದು ನೋಡಿದ್ದು ಅದು.

ಅತ್ತೆಯ ಬೆನ್ನಿಗೆ ದಿಂಬು ಒತ್ತಿಟ್ಟೆ. ಅವರು ಗೋಡೆಗೆ ಮುಖ ಮಾಡಿ, ಬೆನ್ನು ಒದ್ದೆಯಾಗಿ, ಹಾಗೇ ಉಳಿದರು. "ಉಂ, ಉಂ" ಎಂದು ಕರೆದರು. ನಾನು ಹೋಗಿ ಅವನ ಹತ್ತಿರ ನೆಲದ ಮೇಲೆ ಕೂತೆ. ಕೂತದ್ದೇ ತಡ, ಬಾಯಿ ತೆರೆದು ಹೋ ಎಂದು ಅತ್ತ. ಮೊಣಕಾಲು ತರಚಿತ್ತು ಅಷ್ಟೇ. ಅಷ್ಟಕ್ಕೆ ಅತ್ತ ಅಳುವಲ್ಲ ಅದು. ಕೆರಿಯಪ್ಪ ಹೊಲಿಗೆ ಮಿಶನ್ ನಿಲ್ಲಿಸಿ ಕೆಳಗಿನಿಂದ, "ಏನಾಯ್ತ್ರಿ ಅಕ್ಕಾ?" ಎಂದು ಕೂಗಿದರು. "ಏನಿಲ್ಲ, ಅಳ್ತಾ ಇದ್ದಾನೆ" ಎಂದೆ. ಸುಮ್ಮನಿರು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅತ್ತೆಗೆ ಮಾತು ತೊದಲುತ್ತದೆ, ನನಗೆ ಮಾತ್ರ ತಿಳಿಯುತ್ತದೆ. ಗೋಡೆಯ ಕಡೆಗೇ ಮುಖವಿಟ್ಟು, "ಅಳ್ಲಿ ಬಿಡು. ಆನು ಹಿಂಗೇ ಇರ್ತೆ" ಎಂದರು.

ಅವನು ಮುಗಿಸುವ ತನಕ ಕೂತಿದ್ದೆ.

ಪ್ರತಿಭಾ